ಕೌಂಟರ್‌ನಲ್ಲಿ ಕೇಳಿದ ಪ್ರಶ್ನೆ ಎಲ್ಲಿಗೆ ಹೋಗುತ್ತದೆ? ಬ್ಯಾಂಕ್ ಶಾಖೆಯಲ್ಲಿ ಕಲಿಕೆ ಬೆಳೆಸಲು ಒಂದು ಮಾರ್ಗದರ್ಶಿ

ಬ್ಯಾಡಗಿ ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ಬರುವ ತಿಂಗಳುಗಳಲ್ಲಿ ಹಾವೇರಿ ಜಿಲ್ಲೆಯ ಒಂದು ಶಾಖೆಯ ಕೌಂಟರ್ ನೆನೆಸಿಕೊಳ್ಳಿ. ರೈತರೊಬ್ಬರು ಬಂದು ಕೇಳುತ್ತಾರೆ: "ಮಾಲು ಕೋಲ್ಡ್ ಸ್ಟೋರೇಜ್‌ನಾಗ ಇಟ್ಟೀನ್ರಿ. ಈಗ ರೇಟ್ ಇಲ್ಲ. ಅದರ ಮ್ಯಾಲೆ ಸಾಲ ಕೊಡ್ತೀರೇನ್ರಿ?"

ವಿಷಯ ಗೊತ್ತಿಲ್ಲದ ಸಿಬ್ಬಂದಿ "ಇಲ್ರಿ, ಬರಂಗಿಲ್ಲ" ಅನ್ನುತ್ತಾರೆ. ಅರ್ಧ ಗೊತ್ತಿದ್ದವರು "ಮ್ಯಾನೇಜರ್ ಸಾಹೇಬ್ರನ್ನ ಕೇಳ್ರಿ" ಅಂತ ಒಳಗೆ ಕಳಿಸುತ್ತಾರೆ. ಕಲಿಯುವ ಅಭ್ಯಾಸ ಇರುವ ಶಾಖೆಯಲ್ಲಿ ಮಾತ್ರ ತಿರುಗಿ ಒಂದು ಪ್ರಶ್ನೆ ಬರುತ್ತದೆ: "ನೀವು ಮಾಲು ಇಟ್ಟ ಜಾಗಕ್ಕೆ ಕೇಂದ್ರ ಸರ್ಕಾರದ ಉಗ್ರಾಣ ಪ್ರಾಧಿಕಾರದ ನೋಂದಣಿ ಐತೇನ್ರಿ? ಇದ್ದರೆ ಎಲೆಕ್ಟ್ರಾನಿಕ್ ರಸೀದಿ ತಗೊಂಡು ಬರ್ರಿ, ಕೂತು ನೋಡೋಣ."

ಈ ಮೂರನೆಯ ಉತ್ತರಕ್ಕೆ ಹೊಸ ಆ್ಯಪ್ ಬೇಕಿಲ್ಲ. ನೋಂದಾಯಿತ ಉಗ್ರಾಣದ ರಸೀದಿ ಅಡವಿಟ್ಟು ಸಾಲ ಕೊಡುವ ವ್ಯವಸ್ಥೆ ಮೊದಲೇ ಇದೆ. ಅದಕ್ಕೆ 2007ರ ಕಾಯ್ದೆ ಇದೆ, ಎಲೆಕ್ಟ್ರಾನಿಕ್ ರಸೀದಿ 2017ರಲ್ಲಿ ಬಂದಿದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ, ಅತಿಸಣ್ಣ ರೈತರಿಗೆ ಕೊಯ್ಲಿನ ನಂತರ 6 ತಿಂಗಳವರೆಗೆ ಇಂಥ ರಸೀದಿ ಸಾಲಕ್ಕೆ ಬೆಳೆ ಸಾಲದ ದರದಲ್ಲೇ ಬಡ್ಡಿ ರಿಯಾಯಿತಿ ಕೊಡುವ ಅವಕಾಶವನ್ನೂ ಕೇಂದ್ರದ ಯೋಜನೆಯಲ್ಲಿ ಇಟ್ಟಿದ್ದಾರೆ. ಆದರೆ ಕೌಂಟರ್‌ನಲ್ಲಿ ಕೂತವರಿಗೆ ಇದು ಗೊತ್ತಿಲ್ಲದಿದ್ದರೆ ಆ ರೈತರ ಪಾಲಿಗೆ ಈ ಯೋಜನೆ ಇಲ್ಲವೇ ಇಲ್ಲ.

ಬ್ಯಾಂಕಿನಲ್ಲಿ ಹೊಸತನ ಅಂದ ಕೂಡಲೇ ನಮಗೆ ಮುಂಬೈ, ಬೆಂಗಳೂರಿನ ಕಚೇರಿಗಳು ನೆನಪಾಗುತ್ತವೆ. ಯುಪಿಐ ಬಂದದ್ದು ಅಂಥ ಕಡೆಯಿಂದಲೇ, ನಿಜ. ಆದರೆ ಶಿಗ್ಗಾವಿಯಲ್ಲಿ, ಮುಂಡರಗಿಯಲ್ಲಿ, ಕಲಘಟಗಿಯಲ್ಲಿ ಆ ಹೊಸ ವಸ್ತು ಜನರ ಕೈಗೆ ಸಿಗುತ್ತದೋ ಇಲ್ಲವೋ ಅನ್ನುವುದು ಶಾಖೆಯ ನಾಲ್ಕೈದು ಜನರ ಕಲಿಕೆಯ ಮೇಲೆ ನಿಂತಿದೆ. ಇನ್ನೊಂದು ಮಾತೂ ಇದೆ. ಮುಂದೆ ಯಾವ ಹೊಸ ಸೇವೆ ಬೇಕು ಅನ್ನುವ ಸುಳಿವು ಮೊದಲು ಬೀಳುವುದು ಕೌಂಟರ್‌ನವರ ಕಿವಿಗೇ. ಆ ಸುಳಿವು ಮೇಲಕ್ಕೆ ಹೋಗುವ ದಾರಿ, ಉತ್ತರ ಕೆಳಗೆ ಬರುವ ದಾರಿ ಎರಡೂ ತೆರೆದಿರಬೇಕು. ಅದನ್ನೇ ನಾನು ಕಲಿಕೆಯ ಸಂಸ್ಕೃತಿ ಅನ್ನುತ್ತೇನೆ.

ನಮ್ಮ ಭಾಗಕ್ಕೆ ಇದು ಹೊರಗಿನಿಂದ ಬಂದ ಮಾತಲ್ಲ. ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಹೊಸ ಕಾಯ್ದೆಯನ್ನು ತಿಳಿದುಕೊಂಡು, ಊರಿನ ಕಷ್ಟಕ್ಕೆ ಹೊಂದಿಸಿ, ಒಂದೇ ವರ್ಷದಲ್ಲಿ ಕೆಲಸಕ್ಕೆ ಇಳಿಸಿದರು. ಈಗ ನಮ್ಮ ಶಾಖೆಗಳಿಗೆ ಒಂದು ಸರ್ಕ್ಯುಲರ್ ಬಂದರೆ ಅದು ಗ್ರಾಹಕರ ಕಿವಿಗೆ ಬೀಳಲು ಎಷ್ಟು ದಿನ ಹಿಡಿಯುತ್ತದೆ ಅಂತ ಪ್ರತಿಯೊಬ್ಬ ಮ್ಯಾನೇಜರ್ ಕೇಳಿಕೊಳ್ಳಬೇಕು.

ಈ ಲೇಖನ ಶಾಖಾ ವ್ಯವಸ್ಥಾಪಕರಿಗೆ, ಪಟ್ಟಣ ಸಹಕಾರಿ ಬ್ಯಾಂಕ್ ಮತ್ತು ಸೊಸೈಟಿ ನಡೆಸುವವರಿಗೆ, ಆರ್‌ಒದಲ್ಲಿ (ಪ್ರಾದೇಶಿಕ ಕಚೇರಿಯಲ್ಲಿ) ಕೂತು ಶಾಖೆಗಳನ್ನು ನೋಡಿಕೊಳ್ಳುವವರಿಗೆ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಮೊದಲ ಎರಡು ಹೆಜ್ಜೆ ಗಟ್ಟಿಯಾದ ಮೇಲೆ ಮುಂದಿನದು.

1. ಕೌಂಟರ್‌ನಲ್ಲಿ ಒಂದು ಪ್ರಶ್ನೆ ಪುಸ್ತಕ ಇಡಿ

200 ಪುಟದ ಸಾದಾ ನೋಟ್‌ಬುಕ್ ಸಾಕು. ಕಂಪ್ಯೂಟರ್‌ನಲ್ಲಿ ಮಾಡೋಣ ಅಂತ ಹೊರಟರೆ ಲಾಗಿನ್, ಪಾಸ್‌ವರ್ಡ್ ಅಂತ ಮೊದಲ ವಾರವೇ ನಿಂತುಹೋಗುತ್ತದೆ. ಯಾವ ಪ್ರಶ್ನೆಗೆ ನಮಗೆ ಉತ್ತರ ಗೊತ್ತಾಗಲಿಲ್ಲವೋ, ಯಾವುದಕ್ಕೆ "ಇಲ್ಲ" ಅಂದೆವೋ, ಅದನ್ನು ಮಾತ್ರ ಬರೆಯಿರಿ. ಬ್ಯಾಲೆನ್ಸ್ ಎಷ್ಟು ಅನ್ನುವಂಥದ್ದು ಬೇಡ.

ಬರೆಯುವ ರೀತಿ ಮುಖ್ಯ. ಗ್ರಾಹಕರು ಆಡಿದ ಮಾತನ್ನು ಹಾಗೇ ಬರೆಯಿರಿ. "ಉಗ್ರಾಣ ರಸೀದಿ ಸಾಲದ ವಿಚಾರಣೆ" ಅಂತ ಬರೆದರೆ ಅದು ಫೈಲಿನ ಭಾಷೆ. "ಮಾಲು ಕೋಲ್ಡ್ ಸ್ಟೋರೇಜ್‌ನಾಗ ಐತಿ, ರೇಟ್ ಇಲ್ಲ" ಅಂತ ಬರೆದರೆ ಆ ಮನುಷ್ಯನ ತೊಂದರೆ ಅದರಲ್ಲೇ ಇದೆ. ಬೆಲೆ ಏರುವವರೆಗೆ ಅವರಿಗೆ ಕೈಯಲ್ಲಿ ಕಾಸು ಬೇಕು. ಸಾಲದ ಹೆಸರು ಯಾವುದಾದರೂ ಅವರಿಗೆ ಅಡ್ಡಿಯಿಲ್ಲ. ಈ ವ್ಯತ್ಯಾಸ ಕಣ್ಣಿಗೆ ಬಿದ್ದಾಗಲೇ ಹೊಸ ಸೇವೆಯ ಯೋಚನೆ ಹುಟ್ಟುತ್ತದೆ. ಗ್ರಾಹಕರ ಹೆಸರು, ಖಾತೆ ನಂಬರ್, ಫೋನ್ ನಂಬರ್ ಈ ಪುಸ್ತಕದಲ್ಲಿ ಬೇಡವೇ ಬೇಡ. ದಿನಾಂಕ, ಪ್ರಶ್ನೆ, ನಾವು ಕೊಟ್ಟ ಉತ್ತರ, ಇಷ್ಟೇ.

ವಾರಕ್ಕೊಮ್ಮೆ ಮ್ಯಾನೇಜರ್ ಆ ಪುಟಗಳನ್ನು ಓದಿ ಪ್ರಶ್ನೆಗಳನ್ನು ಬೇರೆ ಮಾಡಬೇಕು. ಕೆಲವಕ್ಕೆ ಉತ್ತರ ನಮ್ಮ ಸರ್ಕ್ಯುಲರ್‌ನಲ್ಲೇ ಇರುತ್ತದೆ, ನಾವು ಓದಿರುವುದಿಲ್ಲ. ಕೆಲವಕ್ಕೆ ಆರ್‌ಒ ಅನುಮತಿ ಬೇಕು. ಕೆಲವಕ್ಕೆ ಎಲ್ಲೂ ಉತ್ತರ ಇರುವುದಿಲ್ಲ. ಈ ಕೊನೆಯ ಗುಂಪು ಚಿಕ್ಕದಾದರೂ ಬೆಲೆಬಾಳುವಂಥದ್ದು. ಒಂದೇ ಪ್ರಶ್ನೆ ತಿಂಗಳಲ್ಲಿ ಐದಾರು ಸಲ ಬಂದಿದ್ದರೆ ಅದು ಒಬ್ಬರ ತೊಂದರೆ ಅಲ್ಲ, ಊರಿನ ತೊಂದರೆ.

ಹಳ್ಳಿಗಳಲ್ಲಿ ಬ್ಯಾಂಕಿನ ಪರವಾಗಿ ಕೆಲಸ ಮಾಡುವ ಬಿಸಿಗಳನ್ನು (ಬಿಸಿನೆಸ್ ಕರೆಸ್ಪಾಂಡೆಂಟ್‌ಗಳನ್ನು) ಇದರಲ್ಲಿ ಮರೆಯಬೇಡಿ. ಶಾಖೆಗೆ ಬರದ ಜನರ ಪ್ರಶ್ನೆ ಅವರಿಗೇ ಗೊತ್ತು. ಹೊಲದಲ್ಲಿ ದುಡಿದು ಬೆರಳಿನ ಗೆರೆ ಸವೆದ ಅಜ್ಜಿಗೆ ಯಂತ್ರದಲ್ಲಿ ಥಂಬ್ ಬರುವುದಿಲ್ಲ. ಒರೆಸಿ ಒತ್ತುತ್ತಾರೆ, ಮತ್ತೆ ಒತ್ತುತ್ತಾರೆ, ಪಿಂಚಣಿ ತೆಗೆಯದೆ ಮನೆಗೆ ಹೋಗುತ್ತಾರೆ. ಬಿಸಿಗೆ ಇದು ದಿನದ ಕತೆ. ಶಾಖೆಯ ವರದಿಯಲ್ಲಿ ಮಾತ್ರ ಅದು "ವಿಫಲ ವಹಿವಾಟು" ಅಂತ ಒಂದು ಅಂಕಿ. ಇಂಥವರು ಯಾವ ಹಳ್ಳಿಯಲ್ಲಿ ಎಷ್ಟು ಜನ ಇದ್ದಾರೆ ಅಂತ ಬಿಸಿ ಒಂದು ಪಟ್ಟಿ ಕೊಟ್ಟರೆ, ಅವರ ಆಧಾರ್ ಬಯೋಮೆಟ್ರಿಕ್ ಹೊಸದಾಗಿ ಮಾಡಿಸಲು ಒಂದು ದಿನ ಗೊತ್ತುಮಾಡಬಹುದು. ನಡೆಯಲು ಆಗದವರ ಮನೆ ಬಾಗಿಲಿಗೇ ಹೋಗುವ ಏರ್ಪಾಡು ಮಾಡಬಹುದು. ತಿಂಗಳಿಗೊಮ್ಮೆ ಬಿಸಿಗಳನ್ನು ಶಾಖೆಗೆ ಕರೆಸಿ, ಚಹಾ ಕೊಟ್ಟು, ಟಾರ್ಗೆಟ್ ಮಾತು ಎತ್ತದೆ ಅರ್ಧ ಗಂಟೆ ಕೇಳಿಸಿಕೊಳ್ಳಿ.

2. ಬಾಗಿಲು ತೆರೆಯುವ ಮುಂಚೆ 15 ನಿಮಿಷ

ಸರ್ಕ್ಯುಲರ್ ಬರುತ್ತದೆ. ಮೇಲ್‌ನಲ್ಲಿ ಬಿದ್ದಿರುತ್ತದೆ. ಯಾರೋ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ, ನಾಲ್ಕು ಜನ ಹೆಬ್ಬೆರಳು ಎತ್ತುತ್ತಾರೆ. ಅಲ್ಲಿಗೆ ಕಲಿಕೆ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ.

ಒಂದು ಉದಾಹರಣೆ ನೋಡಿ. ಅಡಮಾನ ಇಲ್ಲದೆ ಕೊಡಬಹುದಾದ ಕೃಷಿ ಸಾಲದ ಮಿತಿಯನ್ನು ಆರ್‌ಬಿಐ 1.6 ಲಕ್ಷದಿಂದ 2 ಲಕ್ಷ ರೂಪಾಯಿಗೆ ಏರಿಸಿತು. 2025ರ ಜನವರಿ 1ರಿಂದ ಅದು ಜಾರಿಗೆ ಬಂತು. ನವಲಗುಂದದ ಕಡೆ ಕಡಲೆ ಬೆಳೆಯುವ ಸಣ್ಣ ರೈತರೊಬ್ಬರಿಗೆ ಈ 40 ಸಾವಿರದ ವ್ಯತ್ಯಾಸ ದೊಡ್ಡದು. ಶಾಖೆಯಲ್ಲಿ ಸಾಲದ ಮೇಜಿನವರಿಗೆ ಇದು ಗೊತ್ತಿದ್ದು, ಮುಂದಿನ ಕೌಂಟರ್‌ನವರಿಗೆ ಗೊತ್ತಿಲ್ಲದಿದ್ದರೆ? ಸಾಲದ ಮೇಜಿನವರು ರಜೆ ಹಾಕಿದ ದಿನ ಆ ರೈತರು ಬಂದರೆ? ಹಳೇ ಮಿತಿಯನ್ನೇ ಕೇಳಿಕೊಂಡು ವಾಪಸ್ ಹೋಗುತ್ತಾರೆ, ಅಲ್ವಾ?

ಹಾಗಾಗಿ ವಾರದಲ್ಲಿ ಎರಡು ದಿನ, ಗ್ರಾಹಕರಿಗೆ ಬಾಗಿಲು ತೆರೆಯುವ ಮುಂಚೆ, ಎಲ್ಲರೂ ನಿಂತುಕೊಂಡೇ 15 ನಿಮಿಷ ಸೇರಿ. ಸಂತೆಯ ದಿನ, ಮಾರುಕಟ್ಟೆ ದಿನ ಬಿಡಿ. ಬ್ಯಾಡಗಿಯಲ್ಲಾದರೆ ಸೋಮವಾರ, ಗುರುವಾರ ಇದಕ್ಕೆ ಸಮಯ ಸಿಗುವುದಿಲ್ಲ. ಪ್ರತಿ ಸಲ ಒಬ್ಬರು ಒಂದೇ ಒಂದು ವಿಷಯ ಹೇಳಬೇಕು. ಮ್ಯಾನೇಜರ್ ಪ್ರತಿ ಸಲ ತಾವೇ ಮಾತಾಡಬಾರದು. ಕ್ಯಾಷಿಯರ್ ಸಾಲದ ನಿಯಮ ಹೇಳಲಿ, ಸಾಲದ ಅಧಿಕಾರಿ ನೋಟು ಬದಲಾವಣೆ ನಿಯಮ ಹೇಳಲಿ. ಹೇಳಬೇಕಾದವರು ಹಿಂದಿನ ರಾತ್ರಿ ಓದಿಕೊಂಡು ಬರುತ್ತಾರೆ. ಬೇರೆಯವರಿಗೆ ಹೇಳಬೇಕು ಅಂದಾಗ ಓದುವ ರೀತಿಯೇ ಬೇರೆ.

ಕೊನೆಯ ಐದು ನಿಮಿಷ ಬಹಳ ಉಪಯುಕ್ತ. ಒಬ್ಬರು ಗ್ರಾಹಕರಾಗಲಿ, ಇನ್ನೊಬ್ಬರು ಕೌಂಟರ್‌ನವರಾಗಲಿ. ಊರಿನ ಮಾತಿನಲ್ಲೇ ಪ್ರಶ್ನೆ ಕೇಳಲಿ, ಊರಿನ ಮಾತಿನಲ್ಲೇ ಉತ್ತರ ಬರಲಿ. ಸರ್ಕ್ಯುಲರ್‌ನ ಇಂಗ್ಲಿಷ್ ಅರ್ಥವಾಗುವುದು ಬೇರೆ, ಅದನ್ನು ಗಡಿಬಿಡಿಯಲ್ಲಿರುವ ಮನುಷ್ಯನಿಗೆ ಎರಡು ವಾಕ್ಯದಲ್ಲಿ ಹೇಳುವುದು ಬೇರೆ. ಬಾಯಿಬಿಟ್ಟು ಹೇಳದ ಹೊರತು ಈ ಎರಡನೆಯದು ಬರುವುದಿಲ್ಲ.

ಜೊತೆಗೆ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿ. ಸರ್ಕ್ಯುಲರ್ ಬಂದ ದಿನಾಂಕ ಒಂದು ಕಡೆ, ಶಾಖೆಯ ಎಲ್ಲರೂ ಅದನ್ನು ಗ್ರಾಹಕರಿಗೆ ಹೇಳಬಲ್ಲೆವು ಅಂತ ಒಪ್ಪಿದ ದಿನಾಂಕ ಇನ್ನೊಂದು ಕಡೆ. ಎಷ್ಟು ಜನ ಎಷ್ಟು ಗಂಟೆ ತರಬೇತಿ ಪಡೆದರು ಅನ್ನುವ ಲೆಕ್ಕಕ್ಕಿಂತ ಈ ಎರಡು ದಿನಾಂಕಗಳ ನಡುವಿನ ಅಂತರ ನನಗೆ ಜಾಸ್ತಿ ನಂಬಿಕೆಯ ಅಳತೆ ಅನಿಸುತ್ತದೆ.

3. ತಪ್ಪನ್ನು ಹೇಳಿಕೊಳ್ಳಲು ಜಾಗ ಮಾಡಿ

ಇಡೀ ಮಾರ್ಗದರ್ಶಿಯಲ್ಲಿ ಕಷ್ಟದ ಹೆಜ್ಜೆ ಇದೇ. ಬ್ಯಾಂಕಿನ ಕೆಲಸದಲ್ಲಿ ಭಯ ಒಳಗೇ ಇದೆ. ಕ್ಯಾಶ್ ಟ್ಯಾಲಿ ಆಗದಿದ್ದರೆ ಕೈಯಿಂದ ಕಟ್ಟಬೇಕು. ಸಾಲ ಕೆಟ್ಟರೆ ಯಾರು ಕೊಟ್ಟರು ಅಂತ ಹುಡುಕುತ್ತಾರೆ. ಮೆಮೊ, ಚಾರ್ಜ್‌ಶೀಟ್ ಅನ್ನುವ ಪದಗಳೇ ಸಾಕು, ಜನ ಬಾಯಿ ಮುಚ್ಚಿಕೊಳ್ಳುತ್ತಾರೆ. ಹಣದ ವಿಷಯದಲ್ಲಿ ಶಿಸ್ತು ಬೇಕೇ ಬೇಕು, ಅದನ್ನು ಸಡಿಲ ಮಾಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಭಯ ಜಾಸ್ತಿಯಾದ ಕಡೆ ತಪ್ಪು ಕಡಿಮೆಯಾಗುವುದಿಲ್ಲ, ತಪ್ಪಿನ ಸುದ್ದಿ ಕಡಿಮೆಯಾಗುತ್ತದೆ.

ಇದರ ಬಗ್ಗೆ ಎಲ್ಲರೂ ತಿಳಿಯಬೇಕಾದ ಒಂದು ಅಧ್ಯಯನ ಇದೆ. 1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಅನ್ನುವ ಅಮೆರಿಕದ ಸಂಶೋಧಕಿ ಆಸ್ಪತ್ರೆಗಳಲ್ಲಿ ನರ್ಸ್‌ಗಳ ತಂಡಗಳನ್ನು ನೋಡಿದರು. ಒಳ್ಳೆಯ ತಂಡದಲ್ಲಿ ಔಷಧಿ ಕೊಡುವ ತಪ್ಪು ಕಡಿಮೆ ಇರಬೇಕು ಅಂತ ಅವರ ನಿರೀಕ್ಷೆ. ಅಂಕಿಗಳು ಉಲ್ಟಾ ಬಂದವು. ಒಳ್ಳೆಯ ತಂಡಗಳಲ್ಲೇ ದಾಖಲಾದ ತಪ್ಪುಗಳು ಜಾಸ್ತಿ. ಆ ತಂಡಗಳು ಜಾಸ್ತಿ ತಪ್ಪು ಮಾಡುತ್ತಿದ್ದವು ಅಂತಲ್ಲ, ಭಯವಿಲ್ಲದೆ ಹೇಳಿಕೊಳ್ಳುತ್ತಿದ್ದವು. ಹೇಳಿಕೊಂಡದ್ದರಿಂದ ಕಲಿಯಲು ಸಾಧ್ಯವಾಗುತ್ತಿತ್ತು.

ಶಾಖೆಯಲ್ಲಿ ಇದನ್ನು ಹೀಗೆ ಮಾಡಬಹುದು. ಮೊದಲು ಗೆರೆ ಎಳೆಯಿರಿ. ಮೋಸ ಬೇರೆ, ಗೊತ್ತಿದ್ದೂ ನಿಯಮ ಮುರಿದದ್ದು ಬೇರೆ, ಕೆಲಸದ ಒತ್ತಡದಲ್ಲಿ ಆದ ತಪ್ಪು ಬೇರೆ. ಮೊದಲ ಎರಡಕ್ಕೆ ಬ್ಯಾಂಕಿನ ನಿಯಮದಂತೆ ಕ್ರಮ ಆಗುತ್ತದೆ. ಮೂರನೆಯದನ್ನು ಅದೇ ದಿನ ತಾನಾಗಿ ಬಂದು ಹೇಳಿದವರನ್ನು ಎಲ್ಲರ ಮುಂದೆ ಬೈಯುವುದಿಲ್ಲ ಅಂತ ಮ್ಯಾನೇಜರ್ ಬಾಯಿಬಿಟ್ಟು ಹೇಳಬೇಕು. ಹೇಳಿದಂತೆ ನಡೆದುಕೊಳ್ಳಬೇಕು. ಒಂದು ಸಲ ಮಾತು ತಪ್ಪಿದರೆ ಮುಂದೆ ಎರಡು ವರ್ಷ ಯಾರೂ ಏನೂ ಹೇಳುವುದಿಲ್ಲ.

ತಪ್ಪು ಹೇಳಿಕೊಳ್ಳಲು ಬಂದವರಿಗೆ ಮ್ಯಾನೇಜರ್ ಆಡುವ ಮೊದಲ ವಾಕ್ಯವೇ ಎಲ್ಲವನ್ನೂ ತೀರ್ಮಾನಿಸುತ್ತದೆ. "ಯಾಕ್ ಹಿಂಗ್ ಮಾಡಿದ್ರಿ?" ಅಂದರೆ ಸಮಜಾಯಿಷಿ ಬರುತ್ತದೆ. "ಈಗ ಗ್ರಾಹಕರಿಗೆ ಏನು ಸರಿ ಮಾಡಬೇಕು?" ಅಂದರೆ ಪೂರ್ತಿ ಮಾಹಿತಿ ಬರುತ್ತದೆ. ಮೊದಲು ಗ್ರಾಹಕರ ಹಣ ಸರಿಮಾಡಿ. ಆಮೇಲೆ ಒಟ್ಟಿಗೆ ಕೂತು ಕೇಳಿ: ಏನಾಗಬೇಕಿತ್ತು, ಏನಾಯಿತು, ಎಲ್ಲಿ ತಪ್ಪಿತು, ಮುಂದೆ ಏನು ಬದಲಿಸೋಣ. ಉತ್ತರ ಅರ್ಧ ಪುಟ ಮೀರಬಾರದು.

ಸ್ವಲ್ಪದರಲ್ಲೇ ತಪ್ಪಿದ ಅನಾಹುತಗಳನ್ನೂ ಹೀಗೇ ಬರೆಯಿರಿ. "ಡಿಜಿಟಲ್ ಅರೆಸ್ಟ್" ಅಂತ ಹೆದರಿಸಿ ವಯಸ್ಸಾದವರ ಹಣ ದೋಚುವ ಕಳ್ಳರು ಈಗ ಎಲ್ಲ ಊರಿಗೂ ಫೋನ್ ಮಾಡುತ್ತಾರೆ. ನಿವೃತ್ತ ಮೇಷ್ಟ್ರೊಬ್ಬರು ಒಬ್ಬರೇ ಬಂದು, ಅವಧಿ ಮುಗಿಯದ ಎಫ್‌ಡಿ ಮುರಿಸಿ, ಗುರುತಿಲ್ಲದ ಖಾತೆಗೆ ಆರ್‌ಟಿಜಿಎಸ್ ಮಾಡಿಸಲು ಅವಸರ ಮಾಡುತ್ತಾರೆ ಅಂದುಕೊಳ್ಳಿ. ಕೈಯಲ್ಲಿ ಫೋನ್ ಕಾಲ್ ನಡೆಯುತ್ತಲೇ ಇದೆ. ಕೌಂಟರ್‌ನವರು ಫಾರಂ ತೆಗೆದುಕೊಳ್ಳುವ ಮುಂಚೆ "ಸರ್, ಒಂದ್ ನಿಮಿಷ ಒಳಗ ಕೂಡ್ರಿ, ನೀರು ಕುಡೀರಿ" ಅಂದರೆ ಅಷ್ಟರಲ್ಲೇ ಒಂದು ಜೀವಮಾನದ ಉಳಿತಾಯ ಉಳಿಯಬಹುದು. ನಿಜವಾದ ಪೊಲೀಸರು ಯಾರನ್ನೂ ಫೋನ್‌ನಲ್ಲಿ ಬಂಧಿಸುವುದಿಲ್ಲ ಅಂತ ಸಮಾಧಾನವಾಗಿ ತಿಳಿಸಬೇಕು. ಹಣ ಹೋಗಿಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಬೇಕು. ಒಂದು ಶಾಖೆಯಲ್ಲಿ ಹೀಗೆ ಒಬ್ಬರು ಉಳಿದರೆ ಆ ಕತೆ ಹೆಸರಿಲ್ಲದೆ ಮರುದಿನವೇ ಸುತ್ತಲಿನ ಶಾಖೆಗಳಿಗೆ ಹೋಗಲಿ. ಯಾವ ಲಕ್ಷಣ ಕಂಡಿತು, ಏನು ಕೇಳಿದೆವು, ಅವರು ಏನಂದರು. ಇಂಥ ನಾಲ್ಕು ಕತೆ ಸೇರಿದರೆ ಕೌಂಟರ್‌ನಲ್ಲಿ ಇಡುವ ಒಂದು ಪ್ರಶ್ನೆ ಚೀಟಿ ತಯಾರಾಗುತ್ತದೆ. ಅದು ಶಾಖೆಯವರೇ ಮಾಡಿದ ಹೊಸ ಸುರಕ್ಷಾ ಕ್ರಮ.

4. ವರ್ಗಾವಣೆಯಾದವರ ಜೊತೆ ತಿಳಿವಳಿಕೆ ಹೊರಟುಹೋಗದಂತೆ ನೋಡಿಕೊಳ್ಳಿ

ಮೂರು ವರ್ಷಕ್ಕೆ ಅಧಿಕಾರಿ ಬದಲಾಗುತ್ತಾರೆ. ಹೋಗುವಾಗ ಕೀಲಿಕೈ, ಸ್ಟಾಂಪ್, ಫೈಲುಗಳ ಪಟ್ಟಿ ಕೊಡುತ್ತಾರೆ. ಊರಿನ ತಿಳಿವಳಿಕೆ ಮಾತ್ರ ತಲೆಯಲ್ಲೇ ಹೋಗುತ್ತದೆ. ರೋಣದ ಕಡೆ ಯಾವ ತಿಂಗಳು ಕೈಯಲ್ಲಿ ದುಡ್ಡು ಓಡಾಡುತ್ತದೆ, ಈರುಳ್ಳಿ ರೇಟ್ ಬಿದ್ದ ವರ್ಷ ಯಾವ ಹಳ್ಳಿಯ ಕಂತು ತಡವಾಗುತ್ತದೆ, ಬೆಟಗೇರಿ ನೇಕಾರರಿಗೆ ನೂಲಿನ ಖರ್ಚು ಯಾವಾಗ ಬರುತ್ತದೆ, ಯಾವ ಸ್ತ್ರೀಶಕ್ತಿ ಸಂಘದ ಲೆಕ್ಕ ಅಚ್ಚುಕಟ್ಟು. ಇದನ್ನೆಲ್ಲ ನಾಲ್ಕು ಪುಟದ "ಊರಿನ ಟಿಪ್ಪಣಿ" ಮಾಡಿ. ಪ್ರತಿ ಆರು ತಿಂಗಳಿಗೆ ತಿದ್ದಿ. ಅದರಲ್ಲಿ ಊರಿನ ಆರ್ಥಿಕತೆ ಇರಲಿ, ವ್ಯಕ್ತಿಗಳ ಬಗ್ಗೆ ಚಾಡಿ ಬೇಡ.

ಹೊರ ರಾಜ್ಯದಿಂದ ಬಂದ ಅಧಿಕಾರಿಗಳಿಗೆ ಈ ಟಿಪ್ಪಣಿಯ ಜೊತೆ ಕೌಂಟರ್ ಕನ್ನಡವೂ ಬೇಕು. ಪುಸ್ತಕದ ಕನ್ನಡ ಆಮೇಲೆ ಬರಲಿ. ಮೊದಲ ತಿಂಗಳಲ್ಲಿ ಉತಾರ (ಪಹಣಿ), ಬೋಜಾ (ಜಮೀನಿನ ಮೇಲಿನ ಸಾಲದ ನಮೂದು), ಕಂತು, ಪಾಳಿ, ಜಾಮೀನು ಅನ್ನುವ 50 ಪದ, 30 ವಾಕ್ಯ ಸಾಕು. ಅವರಿಗೆ ಕಲಿಸುವ ಕೆಲಸ ಶಾಖೆಯ ಅಟೆಂಡರ್‌ಗೆ ಕೊಡಿ. ಕಲಿಸುವವರ ಗೌರವವೂ ಏರುತ್ತದೆ, ಕಲಿಯುವವರ ಸಂಕೋಚವೂ ಇಳಿಯುತ್ತದೆ.

ಬ್ಯಾಂಕುಗಳು ಒಂದಾದಾಗ ಈ ಕೆಲಸ ಇನ್ನೂ ಮುಖ್ಯ. ಧಾರವಾಡದಲ್ಲಿ ಪ್ರಧಾನ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಹುಟ್ಟಿದ್ದೇ 2005ರಲ್ಲಿ ನಾಲ್ಕು ಗ್ರಾಮೀಣ ಬ್ಯಾಂಕುಗಳು ಸೇರಿ. 2025ರ ಮೇ 1ರಂದು ಅದೂ ಬಳ್ಳಾರಿಯ ಗ್ರಾಮೀಣ ಬ್ಯಾಂಕೂ ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆದವು. ಇಂಥ ವಿಲೀನದಲ್ಲಿ ಸಾಫ್ಟ್‌ವೇರ್ ಜೋಡಿಸುವ ಬಗ್ಗೆ ದೊಡ್ಡ ಚರ್ಚೆ ನಡೆಯುತ್ತದೆ. ಒಂದೇ ಕೆಲಸವನ್ನು ಎರಡು ಕಡೆಯವರು ಎರಡು ಥರ ಮಾಡುತ್ತಿದ್ದರಲ್ಲ, ಯಾವುದು ಗ್ರಾಹಕರಿಗೆ ಹಗುರ ಅಂತ ಕೂತು ಹೋಲಿಸುವ ಚರ್ಚೆಯೂ ಆಗಬೇಕು. ಅಂಥ ಅವಕಾಶ ಪದೇ ಪದೇ ಬರುವುದಿಲ್ಲ.

ಇನ್ನೊಂದು ದಾರಿ ನಿಯಮದಲ್ಲೇ ಇದೆ. ಖಜಾನೆ, ಕರೆನ್ಸಿ ಚೆಸ್ಟ್‌ನಂಥ ಸೂಕ್ಷ್ಮ ಜಾಗದಲ್ಲಿ ಇರುವವರು ವರ್ಷಕ್ಕೊಮ್ಮೆ ಮುನ್ಸೂಚನೆ ಇಲ್ಲದೆ, ಒಂದೇ ಸಲಕ್ಕೆ ಸತತವಾಗಿ ಕನಿಷ್ಠ 10 ಕೆಲಸದ ದಿನ ರಜೆಯಲ್ಲಿ ಇರಬೇಕು ಅಂತ ಆರ್‌ಬಿಐ 2021ರಲ್ಲಿ ಹೇಳಿದೆ. ಮೋಸ ಬಯಲಿಗೆ ಬರಲಿ ಅನ್ನುವುದು ಅದರ ಉದ್ದೇಶ. ಆ 10 ದಿನ ಆ ಕುರ್ಚಿಯಲ್ಲಿ ಕೂತವರು ಹೊಸ ಕೆಲಸ ಕಲಿಯುತ್ತಾರೆ, ಹೊಸ ಕಣ್ಣಿನಿಂದ ನೋಡುತ್ತಾರೆ. "ಈ ರಿಜಿಸ್ಟರ್ ಯಾಕೆ ಎರಡು ಕಡೆ ಬರೀತೀವಿ?" ಅಂತ ಕೇಳುವುದು ಅವರೇ. ರಜೆ ಮುಗಿದ ದಿನ ಅವರನ್ನು ಕೂರಿಸಿ ಕಂಡದ್ದನ್ನು ಕೇಳಿ.

5. ಸಣ್ಣದಾಗಿ ಮಾಡಿ ನೋಡಿ

ಪ್ರಶ್ನೆ ಪುಸ್ತಕ ತುಂಬಿತು, ಮಾತುಕತೆ ಶುರುವಾಯಿತು. ಈಗ ಒಂದನ್ನು ಆರಿಸಿ ಮಾಡಿ ನೋಡಬೇಕು. ಶಾಖೆಯ ಕೈಯಲ್ಲಿ ಇಲ್ಲದ್ದನ್ನು ಮುಟ್ಟಬೇಡಿ. ಕೆವೈಸಿ, ಬಡ್ಡಿ ದರ, ಸಾಲದ ಮಿತಿ, ಇಬ್ಬರು ಸಹಿ ಮಾಡಬೇಕಾದ ಕಡೆ ಇಬ್ಬರ ಸಹಿ, ಇವು ಹಾಗೇ ಇರಬೇಕು. ಅದರ ಹೊರಗೆ ಬೇಕಾದಷ್ಟು ಜಾಗ ಇದೆ: ಯಾವ ದಿನ ಯಾವ ಕೆಲಸ, ಪಾಳಿ ಹೇಗೆ, ಯಾವ ಕಾಗದ ಮೊದಲು ಕೇಳಬೇಕು, ಗ್ರಾಹಕರಿಗೆ ಹೇಗೆ ತಿಳಿಸಬೇಕು.

ಬೆಳೆ ಸಾಲ ನವೀಕರಣವನ್ನೇ ತೆಗೆದುಕೊಳ್ಳಿ. ರೈತರು ಮೊದಲ ದಿನ ಬಂದಾಗ ಉತಾರ ತರಲು ಹೇಳುತ್ತೇವೆ. ಎರಡನೇ ದಿನ ಬಂದಾಗ ಬೇರೆ ಬ್ಯಾಂಕಿನ ಬಾಕಿ ಇಲ್ಲ ಅನ್ನುವ ಪತ್ರ ಕೇಳುತ್ತೇವೆ. ಮೂರನೇ ದಿನ ಹಳೇ ಬೋಜಾ ಇಳಿದಿಲ್ಲ ಅಂತ ಕಳಿಸುತ್ತೇವೆ. ಪ್ರತಿ ಸಲ ಬಸ್ ಚಾರ್ಜು, ಒಂದು ದಿನದ ಕೂಲಿ ಹೋಯಿತು. ಬೇಕಾದ ಕಾಗದವೆಲ್ಲ ಒಂದೇ ಹಾಳೆಯಲ್ಲಿ, ದೊಡ್ಡ ಅಕ್ಷರದ ಕನ್ನಡದಲ್ಲಿ, ಪ್ರತಿ ಕಾಗದದ ಚಿತ್ರದ ಜೊತೆ, ಎಲ್ಲಿ ಸಿಗುತ್ತದೆ ಅನ್ನುವುದನ್ನೂ ಸೇರಿಸಿ ಅಚ್ಚು ಹಾಕಿಸಿ. ಫ್ರೂಟ್ಸ್ (ರಾಜ್ಯ ಸರ್ಕಾರದ ರೈತರ ನೋಂದಣಿ) ಗುರುತು ಸಂಖ್ಯೆಯಿಂದ ಜಮೀನಿನ ವಿವರ ನಾವೇ ನೋಡಬಹುದಾದ ಕಡೆ ಆ ಕಾಗದವನ್ನು ಪಟ್ಟಿಯಿಂದ ತೆಗೆಯಬಹುದಾ ಅಂತ ಆರ್‌ಒ ಕೇಳಿ. ಎರಡು ಹಳ್ಳಿಗೆ ಮಾತ್ರ, 6 ವಾರ, ಈ ಹಾಳೆ ಹಂಚಿ. ಅಳತೆ ಒಂದೇ ಇರಲಿ: ಕಾಗದ ಸಾಲದೆ ಮತ್ತೆ ಬರಬೇಕಾದವರು ಎಷ್ಟು ಜನ? ಹಾಳೆ ಹಂಚದ ಎರಡು ಹಳ್ಳಿಯ ಲೆಕ್ಕದ ಜೊತೆ ಹೋಲಿಸಿ. ಕಡಿಮೆಯಾದರೆ ಎಲ್ಲ ಹಳ್ಳಿಗೂ ಹಂಚಿ. ಆಗದಿದ್ದರೆ ಯಾಕೆ ಅಂತ ರೈತರನ್ನೇ ಕೇಳಿ, ಹಾಳೆ ತಿದ್ದಿ.

ದೊಡ್ಡ ಬದಲಾವಣೆಗಳು ಹುಟ್ಟಿದ್ದೂ ಹೀಗೇ. ಸ್ವಸಹಾಯ ಸಂಘಗಳ ಸಾಲವನ್ನೇ ನೋಡಿ. 1980ರ ದಶಕದ ಮಧ್ಯದಲ್ಲಿ ಕರ್ನಾಟಕದಲ್ಲಿ ಕೆಲಸ ಮಾಡುತ್ತಿದ್ದ ಮೈರಾಡ ಸಂಸ್ಥೆ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಲು ನೆರವಾಗಿತ್ತು. ಕೆಲವು ಸಂಘಗಳಲ್ಲಿ ಮುಂದಾಳುಗಳ ಮೇಲೆ ನಂಬಿಕೆ ಹೋಗಿ ಸಂಘ ಒಡೆಯಿತು. ಸದಸ್ಯರು ಸಣ್ಣ ಗುಂಪುಗಳಾಗಿ ಬಂದು, ಸಾಲ ವಾಪಸ್ ಕೊಡುತ್ತೇವೆ, ಆದರೆ ಆ ಸಂಘಕ್ಕಲ್ಲ ಅಂದರು. ಸಂಸ್ಥೆಯವರು ಅದನ್ನು ಸೋಲು ಅಂತ ಫೈಲು ಮುಚ್ಚಲಿಲ್ಲ. ಒಬ್ಬರನ್ನೊಬ್ಬರು ನಂಬುವ ಸಣ್ಣ ಗುಂಪೇ ಗಟ್ಟಿ ಅನ್ನುವುದನ್ನು ಕಲಿತರು. ಆ ಗುಂಪುಗಳನ್ನೇ ಬೆಳೆಸಿದರು. 1987ರಲ್ಲಿ ಕೃಷಿ, ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಇದಕ್ಕೆ 10 ಲಕ್ಷ ರೂಪಾಯಿ ನೆರವು ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ಈಗ ದೇಶದ ಯಾವ ಗ್ರಾಮೀಣ ಶಾಖೆಗೆ ಹೋದರೂ ಸಂಘದ ಹೆಣ್ಣುಮಕ್ಕಳು ಪಾಸ್‌ಬುಕ್ ಹಿಡಿದು ನಿಂತಿರುತ್ತಾರೆ. ಒಡೆದ ಸಂಘದ ಸದಸ್ಯರ ಮಾತನ್ನು ಯಾರೋ ಕೂತು ಕೇಳಿಸಿಕೊಂಡದ್ದರಿಂದ ಇದು ಆಯಿತು.

ಆರ್‌ಬಿಐ ಕೂಡ ಹೊಸದನ್ನು ಒಮ್ಮೆಗೇ ಎಲ್ಲ ಕಡೆ ಹೇರುವುದಿಲ್ಲ. ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲವನ್ನು ಪೂರ್ತಿ ಡಿಜಿಟಲ್ ಮಾಡುವ ಪ್ರಯೋಗ 2022ರ ಸೆಪ್ಟೆಂಬರ್‌ನಲ್ಲಿ ಶುರುವಾದದ್ದು ಮಧ್ಯಪ್ರದೇಶ, ತಮಿಳುನಾಡಿನ ಆಯ್ದ ಜಿಲ್ಲೆಗಳಲ್ಲಿ. ಅದರಲ್ಲಿ ಕಲಿತದ್ದನ್ನು ಇಟ್ಟುಕೊಂಡು ಮುಂದೆ ಡಿಜಿಟಲ್ ಸಾಲದ ವೇದಿಕೆ ಕಟ್ಟಿದರು.

6. ಹೊರಗಿನಿಂದಲೂ ಕಲಿಯಿರಿ

ಮಂಗಳೂರಿನಲ್ಲಿ ನಬಾರ್ಡ್‌ನ ಬರ್ಡ್ ತರಬೇತಿ ಸಂಸ್ಥೆ ಇದೆ, ಪುಣೆಯಲ್ಲಿ ಆರ್‌ಬಿಐನ ಕೃಷಿ ಬ್ಯಾಂಕಿಂಗ್ ಕಾಲೇಜು ಇದೆ. ಅಲ್ಲಿಗೆ ಹೋಗಿ ಬಂದವರು ಒಂದು ವಾರದೊಳಗೆ ಬೆಳಗಿನ 15 ನಿಮಿಷದಲ್ಲಿ ಒಂದು ವಿಷಯ ಹೇಳಲೇಬೇಕು ಅಂತ ಮಾಡಿ. ಬ್ಯಾಂಕ್ ನೌಕರರ ಜೆಎಐಐಬಿ, ಸಿಎಐಐಬಿ ಪರೀಕ್ಷೆಗೆ ಓದುವವರಿಗೆ ದಿನದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಒಟ್ಟಿಗೆ ಓದಲು ಜಾಗ ಕೊಡಿ. ಬಡ್ತಿಗಾಗಿ ಓದುತ್ತಾರೆ ಅಂತ ಕಡೆಗಣಿಸಬೇಡಿ, ಓದಿದ್ದು ಶಾಖೆಗೂ ಬರುತ್ತದೆ.

ಹತ್ತಿರದಲ್ಲೇ ಇನ್ನೂ ಬೇಕಾದಷ್ಟಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ಸಾಲದ ಅಧಿಕಾರಿ ಅಲ್ಲಿ ಒಂದು ದಿನ ತಿರುಗಿದರೆ ರೈತರು ಮುಂದಿನ ವರ್ಷ ಯಾವುದಕ್ಕೆ ಸಾಲ ಕೇಳುತ್ತಾರೆ ಅನ್ನುವುದು ಗೊತ್ತಾಗುತ್ತದೆ. ಧಾರವಾಡದ ಐಐಟಿ, ಐಐಐಟಿ, ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್‌ಗೆ ನಿಜವಾದ ಸಮಸ್ಯೆ ಬೇಕಾಗಿರುತ್ತದೆ. ನಿಮ್ಮ ಪ್ರಶ್ನೆ ಪುಸ್ತಕದಲ್ಲಿ ಅಂಥ ಸಮಸ್ಯೆ ಇವೆ. ಪ್ರಧಾನ ಕಚೇರಿಯ ಒಪ್ಪಿಗೆ ಪಡೆದು ಸಮಸ್ಯೆಯನ್ನು ಮಾತ್ರ ಹಂಚಿಕೊಳ್ಳಿ. ಗ್ರಾಹಕರ ಒಂದು ಅಕ್ಷರ ಮಾಹಿತಿಯೂ ಹೊರಗೆ ಹೋಗಬಾರದು. 2023ರ ದತ್ತಾಂಶ ರಕ್ಷಣೆ ಕಾಯ್ದೆಯನ್ನು ಮೊದಲು ಒಮ್ಮೆ ಎಲ್ಲರೂ ಓದಿಕೊಳ್ಳಿ.

7. ಮೇಲಿನವರು ಮಾಡಬೇಕಾದದ್ದು

ಶಾಖೆಯವರು ಎಷ್ಟೇ ಮಾಡಿದರೂ ಆರ್‌ಒ, ಎಚ್‌ಒ (ಪ್ರಧಾನ ಕಚೇರಿ), ಆಡಳಿತ ಮಂಡಳಿ ಕೈಜೋಡಿಸದಿದ್ದರೆ ಆರು ತಿಂಗಳಲ್ಲಿ ಎಲ್ಲ ತಣ್ಣಗಾಗುತ್ತದೆ. ಸಿಬ್ಬಂದಿ ಕಡಿಮೆ ಇದ್ದಾರೆ ಅನ್ನುವುದು ಸುಳ್ಳಲ್ಲ. ಮೂವರೇ ಇರುವ ಶಾಖೆಗೆ ಏಳು ಹೊಸ ವರದಿ ಕೇಳಿ, ಮೇಲೆ ಕಲಿಯಿರಿ ಅಂದರೆ ಅದು ಅನ್ಯಾಯ. ಕಲಿಕೆಗೆ ಸಮಯ ಕೊಡಬೇಕಾದರೆ ಯಾರೂ ಓದದ ಎರಡು ವರದಿಗಳನ್ನು ನಿಲ್ಲಿಸಿ. ಯಾವುದು ಅಂತ ಶಾಖೆಯವರೇ ಹೇಳುತ್ತಾರೆ.

ಶಾಖೆಯಿಂದ ಬಂದ ಪ್ರತಿ ಸಲಹೆಗೆ 15 ದಿನದಲ್ಲಿ ಉತ್ತರ ಹೋಗಬೇಕು. "ಆಗುವುದಿಲ್ಲ, ಕಾರಣ ಇದು" ಅನ್ನುವ ಉತ್ತರವೂ ಒಳ್ಳೆಯದೇ. ಉತ್ತರವೇ ಇಲ್ಲದಿರುವುದು ಮಾತ್ರ ಕೆಟ್ಟದ್ದು. ಒಪ್ಪಿದ ಸಲಹೆಯ ಸರ್ಕ್ಯುಲರ್‌ನಲ್ಲಿ ಅದು ಯಾವ ಶಾಖೆಯ ಯಾರ ಯೋಚನೆ ಅಂತ ಹೆಸರು ಹಾಕಿ. ಗುಮಾಸ್ತರದ್ದಾದರೆ ಗುಮಾಸ್ತರ ಹೆಸರೇ ಇರಲಿ, ಅವರ ಮೇಲಿನ ಅಧಿಕಾರಿಯದಲ್ಲ.

ಸೊಸೈಟಿಗಳಿಗೆ ಇದರ ಅಗತ್ಯ ಇನ್ನೂ ಹತ್ತಿರದ್ದು. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡುವ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಕಂಪ್ಯೂಟರ್ ಬಂದು ಕೂತಿದೆ. 30 ವರ್ಷ ಕೈಬರಹದ ಖಾತೆ ಪುಸ್ತಕ ಬರೆದ ಕಾರ್ಯದರ್ಶಿಗೆ ಎರಡು ದಿನದ ತರಬೇತಿ ಸಾಕಾಗುವುದಿಲ್ಲ. ಅವರ ಪಕ್ಕ ಊರಿನ ಒಬ್ಬ ಪದವೀಧರ ಹುಡುಗಿಯನ್ನೋ ಹುಡುಗನನ್ನೋ ಮೂರು ತಿಂಗಳು ಕೂರಿಸಿ. ಆ ಪದವೀಧರರು ಕೀಲಿಮಣೆ ಕಲಿಸಲಿ, ಕಾರ್ಯದರ್ಶಿ ಯಾರಿಗೆ ಎಷ್ಟು ಸಾಲ ತೀರಿಸಲು ಆಗುತ್ತದೆ ಅನ್ನುವ ಅಂದಾಜು ಕಲಿಸಲಿ. ಇಬ್ಬರಲ್ಲಿ ಯಾರೂ ಶಿಷ್ಯರಲ್ಲ ಅಂತ ಆಡಳಿತ ಮಂಡಳಿಯವರು ಮೊದಲ ದಿನವೇ ಹೇಳಿಬಿಡಬೇಕು.

ತಿಂಗಳ ಆಡಳಿತ ಮಂಡಳಿ ಸಭೆಯ ವಿಷಯಪಟ್ಟಿಯಲ್ಲಿ ಠೇವಣಿ, ಸಾಲ, ವಸೂಲಿ ಆದ ಕೂಡಲೇ ಇನ್ನೊಂದು ಸಾಲು ಸೇರಿಸಿ: "ಈ ತಿಂಗಳು ನಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳು." ಶಾಖೆಗಳ ಪ್ರಶ್ನೆ ಪುಸ್ತಕದಿಂದ ಐದು ಪ್ರಶ್ನೆ ಆರಿಸಿ, ಗ್ರಾಹಕರ ಮಾತಿನಲ್ಲೇ ಸಭೆಯಲ್ಲಿ ಓದಿಸಿ. ಪ್ರತಿಯೊಂದಕ್ಕೂ ಒಬ್ಬ ನಿರ್ದೇಶಕರ ಹೆಸರು, ಒಂದು ತಾರೀಖು ಹಚ್ಚಿ ನಡಾವಳಿಯಲ್ಲಿ ಬರೆಸಿ. ಮುಂದಿನ ಸಭೆ ಆ ಐದರಿಂದಲೇ ಶುರುವಾಗಲಿ.